ಹತ್ತಿಗೆ ಹೊಸ ಔಷಧಿ: ಮರುದಿನವೇ ತೀರ್ಪು ಕೊಡಬೇಡಿ

"ಹೊಸ ಎಣ್ಣೆ ಹೊಡೆದ ಮರುದಿನವೂ ಹುಳ ಓಡಾಡ್ತಿದೆ, ದುಡ್ಡು ದಂಡ" ಅನ್ನೋ ಮಾತು ಹತ್ತಿ ಬೆಳೆಯುವ ಕಡೆ ಎಲ್ಲೆಲ್ಲೂ ಕೇಳಿಸುತ್ತದೆ. ಅಂಥ ಹೊಸ ಕೀಟನಾಶಕಗಳಲ್ಲೊಂದು ಕ್ಲೋರಾಂಟ್ರಾನಿಲಿಪ್ರೋಲ್, ಇದು ಹುಳದ ಸ್ನಾಯುಗಳನ್ನು ಬಿಗಿದುಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಹುಳದ ಬಾಯಿ ಕಟ್ಟುತ್ತದೆ, ಆದರೆ ಸಾಯಲು ಎರಡು-ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲೇ ಗಾಬರಿಯಾಗಿ ಇನ್ನೊಂದು ಹೊಡೆದರೆ ಯಾವುದು ಕೆಲಸ ಮಾಡಿತೆಂದು ದೇವರಿಗೂ ತಿಳಿಯದು.

ಗುಲಾಬಿ ಕಾಯಿಕೊರಕದ ಲೆಕ್ಕ ಇನ್ನೂ ಕಷ್ಟ. ಮೊಟ್ಟೆಯೊಡೆದ ಮರಿ ಬೇಗನೆ ಕಾಯಿಯೊಳಗೆ ಸೇರುತ್ತದೆ, ರಂಧ್ರವೂ ಮುಚ್ಚಿಕೊಳ್ಳುತ್ತದೆ. ಗಿಡ ನೋಡಿ ಏನೂ ಗೊತ್ತಾಗದು, 20 ಹಸಿರು ಕಾಯಿ ಕಿತ್ತು ಸೀಳಲೇಬೇಕು. ಎರಡರಲ್ಲಿ ಹುಳ ಕಂಡರೆ, ಇಲ್ಲವೇ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗೆ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಸಿಂಪಡಿಸುವ ಹೊತ್ತು. ಹೊಡೆದು ವಾರಕ್ಕೆ ಮತ್ತೆ ಸೀಳಿ, ಹುಳದ ಬಣ್ಣ ನೋಡಿ. ಬಲಿತ ಗುಲಾಬಿ ಹುಳ ಸಿಂಪಡಣೆಗೆ ಮೊದಲೇ ಒಳಹೊಕ್ಕದ್ದು, ಅದನ್ನು ಔಷಧಿಯ ತಲೆಗೆ ಕಟ್ಟಬೇಡಿ. ಕಪ್ಪು ತಲೆಯ ಸಣ್ಣ ಬಿಳಿ ಮರಿಗಳು ತುಂಬಾ ಸಿಕ್ಕರೆ ಮಾತ್ರ ಔಷಧಿಯನ್ನೋ ಪ್ರಮಾಣವನ್ನೋ ಅನುಮಾನಿಸಿ.

ಹೋಲಿಸಲು ಆರೆಂಟು ಸಾಲು ಹೊಡೆಯದೇ ಬಿಡಿ. ಯಾರಿಗೂ ಮನಸ್ಸು ಬಾರದ ಕೆಲಸ, ನಿಜ. ಆದರೆ ಜೋರು ಮಳೆಗೆ ಹುಳ ತಾನೇ ಇಳಿದಾಗ ಅಂಗಡಿಯವರು ಕೀರ್ತಿ ಹೊಡೆದುಕೊಳ್ಳದಂತೆ ತಡೆಯುವುದು ಆ ಸಾಲುಗಳೇ. ಅಲ್ಲಿ 14 ಹುಳ, ಹೊಡೆದ ಕಡೆ ಅಷ್ಟೇ ಕಾಯಿಗಳಲ್ಲಿ 4 ಇದ್ದರೆ ಸುಮಾರು ಶೇ. 71 ಹತೋಟಿ.

ಪ್ರಮಾಣದಲ್ಲೇ ಹೆಚ್ಚು ಎಡವಟ್ಟು. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿಗೆ (ಶೇ. 18.5 ಔಷಧಿಯಿರುವ ದ್ರಾವಣ) ಲೀಟರ್ ನೀರಿಗೆ 0.3 ಮಿ.ಲೀ. ಅನ್ನುವುದು ಎಕರೆಗೆ 200 ಲೀಟರ್ ನೀರು ಹೋದಾಗ, ಅಂದರೆ ಎಕರೆಗೆ 60 ಮಿ.ಲೀ. 16 ಲೀಟರಿನ ಎಂಟೇ ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಬಿದ್ದದ್ದು 38 ಮಿ.ಲೀ. ಮಾತ್ರ! ಮೊದಲು ಬರೀ ನೀರು ಹೊಡೆದು ಎಷ್ಟು ಟ್ಯಾಂಕ್ ಬೇಕೆಂದು ತಿಳಿಯಿರಿ. ಮುಚ್ಚಳದ ಅಳತೆ ಬೇಡ, ಸೂಜಿ ತೆಗೆದ ಸಿರಿಂಜ್ ಬಳಸಿ. ಮುಂದಿನ ಸಿಂಪಡಣೆಗೆ ಇದೇ ಗುಂಪಿನ, ಅಂದರೆ ಹುಳವನ್ನು ಇದೇ ರೀತಿ ಕೊಲ್ಲುವ ಔಷಧಿ ಬೇಡ, ಹೆಸರು ಬೇರೆಯಿದ್ದರೂ ಫ್ಲುಬೆಂಡಿಯಮೈಡ್ ಇದೇ ಗುಂಪು.

ಹೊಸ ಔಷಧಿ ಸುರಕ್ಷಿತ ಅಂದರೆ ಯಾರಿಗೆ? 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಮಂದಿ ಸತ್ತರು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆ ಹೇಳುತ್ತದೆ: ಹಳೆಯ ಕೀಟನಾಶಕ ಮೊನೊಕ್ರೊಟೊಫಾಸ್‌ನ ಕೆಂಪು ತ್ರಿಕೋನದ ಮುಂದೆ ಕ್ಲೋರಾಂಟ್ರಾನಿಲಿಪ್ರೋಲ್‌ನ ಹಸಿರು ತ್ರಿಕೋನ ಮನುಷ್ಯರಿಗೆ ಎಷ್ಟೋ ವಾಸಿ, ಆದರೂ ಕೈಗವಸು, ಮಾಸ್ಕ್ ಬಿಡುವಂತಿಲ್ಲ. ಸ್ಪಿನೋಸ್ಯಾಡ್, ಇಂಡಾಕ್ಸಾಕಾರ್ಬ್ ಎಂಬ ಬೇರೆ ಕೀಟನಾಶಕಗಳು ಹಸಿಯಿರುವಾಗ ಜೇನಿಗೆ ಮಾರಕ, ಸಂಜೆ ಹೊಡೆಯಿರಿ. ಕ್ಲೋರಾಂಟ್ರಾನಿಲಿಪ್ರೋಲ್ ರೇಷ್ಮೆ ಹುಳುವನ್ನಂತೂ ಉಳಿಸುವುದಿಲ್ಲ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದು ಗಾಳಿ ಅತ್ತ ಬೀಸುತ್ತಿದ್ದರೆ ಪಂಪ್ ಕೆಳಗಿಡಿ.