ಹಿರಿಮಗನನ್ನು ಹೊರಗೆ ಕಳಿಸಿದ ಕತೆ

ಜಪಾನಿನವರು ತಮ್ಮ ಮೂರು ಪುಂಡ ನದಿಗಳಿಗೆ ಅಣ್ಣತಮ್ಮಂದಿರ ಹೆಸರಿಟ್ಟಿದ್ದಾರೆ. ತೊನೆ ಹಿರಿಯವನು, ಕ್ಯೂಶೂವಿನ ಚಿಕುಗೊ ನಡುವಿನವನು, ಶಿಕೊಕುವಿನ ಯೋಶಿನೊ ಕಿರಿಯವನು. ಊರಿಗೆ ನುಗ್ಗಿ ಗಲಾಟೆ ಮಾಡುವುದರಲ್ಲಿ ಮೂವರೂ ಒಬ್ಬರಿಗಿಂತ ಒಬ್ಬರು. ಆದರೆ ಮನೆಯಿಂದ ಆಚೆ ಹಾಕಿಸಿಕೊಂಡವನು ಹಿರಿಯವನು.

ತೊನೆಯ ಉದ್ದ 322 ಕಿ.ಮೀ. ಶಿನಾನೊ ಇನ್ನೂ ಉದ್ದ, ಆದರೆ ಜಲಾನಯನದ ವಿಸ್ತಾರದಲ್ಲಿ ತೊನೆಗೆ ಸಾಟಿಯಿಲ್ಲ. ಈಗ ಅದು ಪೂರ್ವಕ್ಕೆ ಹೋಗಿ ಚೋಶಿ ಹತ್ತಿರ ಪೆಸಿಫಿಕ್ ಸೇರುತ್ತದೆ. ಹಿಂದೆ ದಕ್ಷಿಣಕ್ಕೆ ಹರಿದು ಟೋಕಿಯೊ ಕೊಲ್ಲಿಗೆ ಬೀಳುತ್ತಿತ್ತು.

1590ರಲ್ಲಿ, ಮುಂದೆ ಜಪಾನನ್ನು ಆಳಿದ ತೋಕುಗಾವ ಇಯೆಯಾಸು ಎದೊಗೆ, ಅಂದರೆ ಇವತ್ತಿನ ಟೋಕಿಯೊಗೆ ಬಂದ. 1594ರಲ್ಲಿ ನದಿಯ ಒಂದು ಕವಲು ಮುಚ್ಚಿದರು. ಆಮೇಲೆ ಗುದ್ದಲಿ, ಬುಟ್ಟಿ ಹಿಡಿದ ಜನರ ಕೆಲಸ ಮುಗಿಯಲೇ ಇಲ್ಲ. ಇಯೆಯಾಸುವಿನ ಮರಿಮಗನ ಕಾಲಕ್ಕೆ, 1654ರಲ್ಲಿ, ಅಕಾಬೊರಿ ಕಾಲುವೆಯಲ್ಲಿ ನೀರು ಪೂರ್ವಕ್ಕೆ ತಿರುಗಿತು. ಇಷ್ಟೆಲ್ಲ ಯಾಕೆ ಮಾಡಿದರು? ನೆರೆ ತಡೆಯಲು ಅನ್ನುವವರಿದ್ದಾರೆ, ಉತ್ತರದ ಶತ್ರುಗಳಿಗೆ ಅಡ್ಡವಾಗಲಿ ಅಂತ ಅನ್ನುವವರಿದ್ದಾರೆ. ನನಗೇನೋ ದೋಣಿಗಳ ಲಾಭವೇ ಜಾಸ್ತಿ ಕಾಣುತ್ತದೆ. ಟೋಕಿಯೊ ಕೊಲ್ಲಿಯ ಪೂರ್ವಕ್ಕಿರುವ ಬೋಸೊ ಪರ್ಯಾಯ ದ್ವೀಪ ಸುತ್ತಿ ಸಮುದ್ರದಲ್ಲಿ ಬರುವುದು ಅಪಾಯ. ಅದರ ಬದಲು ಚೋಶಿಯಲ್ಲಿ ಅಕ್ಕಿಮೂಟೆ ಇಳಿಸಿ, ಚಪ್ಪಟೆ ತಳದ ದೋಣಿಗೆ ಹೇರಿ, ಗಾಳಿಯಿದ್ದರೆ ಹಾಯಿ, ಇಲ್ಲದಿದ್ದರೆ ದಡದಿಂದ ಹಗ್ಗ ಎಳೆಯುತ್ತಾ, ನದಿ ಕವಲೊಡೆಯುವ ಸೆಕಿಯಾದೊವರೆಗೆ ಏರುತ್ತಿದ್ದರು. ಅಲ್ಲಿಂದ ಎದೊ ನದಿಗೆ ತಿರುಗಿದರೆ ಆಯಿತು, ಇಳಿಜಾರು ಎದೊ ಊರಿಗೇ. ಚೋಶಿಯ ಸೋಯಾ ಸಾಸ್ ಎದೊದ ಅಡುಗೆಮನೆಗೆ ಹೋದದ್ದೂ ಹೀಗೇ. ಚೋಶಿಯಲ್ಲಿ ಇವತ್ತಿಗೂ ಅದು ದೊಡ್ಡ ಉದ್ಯೋಗ.

ಇಷ್ಟಾದರೂ ಹಿರಿಯವನು ಹಳೆ ಮನೆ ಮರೆತಿರಲಿಲ್ಲ. 1783ರಲ್ಲಿ ಅಸಾಮಾ ಜ್ವಾಲಾಮುಖಿ ಸಿಡಿದು ಪಾತ್ರದಲ್ಲಿ ಹೂಳು ತುಂಬಿತು, ನೆರೆ ಹೆಚ್ಚಿತು. 1947ರ ಸೆಪ್ಟೆಂಬರಿನಲ್ಲಿ ಕ್ಯಾಥ್ಲೀನ್ ಚಂಡಮಾರುತ ಬಂದಾಗ, 16ರ ನಡುರಾತ್ರಿ ಕಳೆದ ಮೇಲೆ, ಟೋಕಿಯೊದ ಉತ್ತರಕ್ಕಿರುವ ಸೈತಾಮಾದಲ್ಲಿ ನದಿಯ ಏರಿ ಒಡೆಯಿತು. ನೀರು ಚೋಶಿ ಕಡೆ ತಿರುಗಿಯೂ ನೋಡಲಿಲ್ಲ. ಮುನ್ನೂರು ವರ್ಷದ ಹಿಂದಿನ ದಾರಿ ಹಿಡಿದು, ಗದ್ದೆಗಳ ಮೇಲೆ ದಿನಗಟ್ಟಲೆ ನಿಧಾನವಾಗಿ ಹರಿದು, ಟೋಕಿಯೊದ ಕತ್ಸುಶಿಕಾ, ಎದೊಗಾವಾ ವಾರ್ಡುಗಳ ಮನೆಗಳಿಗೆ ನುಗ್ಗಿತು.

ತಮಾಷೆ ಅಂದರೆ, 1964ರ ಒಲಿಂಪಿಕ್ಸ್ ಬೇಸಿಗೆಯಲ್ಲಿ ಅದೇ ಟೋಕಿಯೊದಲ್ಲಿ ನೀರಿಗೆ ಹಾಹಾಕಾರ. ಆಗ ನೆನಪಾದವನು ಯಾರು? ಇವನೇ, ಅಲ್ವಾ! ಗ್ಯೋದಾ ಬಳಿ ಒಡ್ಡು ಕಟ್ಟಿದರು. 14.5 ಕಿ.ಮೀ. ಮುಸಾಶಿ ಕಾಲುವೆ ತೋಡಿ ಅರಾಕಾವಾ ನದಿಗೆ ಸೇರಿಸಿದರು. ಈಗ ತೊನೆಯ ನೀರು ಮತ್ತೆ ದಕ್ಷಿಣಕ್ಕೆ ಬರುತ್ತದೆ, ಗೇಟು ಎಷ್ಟು ತೆರೆದರೆ ಅಷ್ಟು.