ಹಳ್ಳಿಯ ಏಳಿಗೆ ಮಿಷನ್ನಿನ ಕೆಲಸವೇ? ಪರ – ವಿರೋಧ

ಭಾರತದ ಹಳ್ಳಿಗಳಲ್ಲಿ ಕ್ರೈಸ್ತ ಮಿಷನ್‌ಗಳ ಶಾಲೆ, ದವಾಖಾನೆ ಹೊಸತೇನಲ್ಲ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಇವುಗಳ ಜೊತೆಗೆ ಬೋರ್‌ವೆಲ್, ಸ್ವಸಹಾಯ ಸಂಘ, ಹೊಲಿಗೆ ತರಬೇತಿ, ಇಂಗುಗುಂಡಿ ಎಲ್ಲ ಸೇರಿಕೊಂಡಿವೆ. ಧರ್ಮ ಸಾರುವ ಸಂಸ್ಥೆಯೇ ಊರಿನ ನೀರು, ಔಷಧಿ ನೋಡಿಕೊಳ್ಳುವುದು ಸರಿಯೇ? ಎರಡೂ ಕಡೆಯ ವಕಾಲತ್ತು ನಾನೇ ವಹಿಸಿಕೊಂಡಿದ್ದೇನೆ.

ಪರ

ಊರ ಮುಂದಿನ ಹ್ಯಾಂಡ್‌ಪಂಪ್ ನೆನಪಿಸಿಕೊಳ್ಳಿ. ಅದು ಬಹುತೇಕ ‘ಇಂಡಿಯಾ ಮಾರ್ಕ್ 2’. ಮೊದಲಿದ್ದ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದವು. ಇಡೀ ಊರು ಒತ್ತತೊಡಗಿದರೆ ಎಷ್ಟು ದಿನ ತಾಳಾವು? ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ ಮಿಷನ್‌ನವರು ಉಕ್ಕಿನಲ್ಲಿ ಗಟ್ಟಿ ಪಂಪು ಮಾಡಿದರು. 1970ರ ದಶಕದಲ್ಲಿ ಯುನಿಸೆಫ್ ಆ ಸೊಲ್ಲಾಪುರ ಪಂಪನ್ನೇ ಇಟ್ಟುಕೊಂಡು ಮಾರ್ಕ್ 2 ರೂಪಿಸಿತು. ಇವತ್ತು ಅದು ಆಫ್ರಿಕಾದಲ್ಲೂ ನೀರೆತ್ತುತ್ತಿದೆ. ಒತ್ತುವವರ ಧರ್ಮ ಯಾವುದು ಅಂತ ಪಂಪು ಕೇಳುವುದಿಲ್ಲವಲ್ಲ.

ಇನ್ನೊಂದು ಊರು, ಅದೇ ಮಹಾರಾಷ್ಟ್ರದ ಜಾಮ್‌ಖೇಡ್. ರಜನಿಕಾಂತ್ ಆರೋಳೆ ಮತ್ತು ಮೇಬಲ್ ಆರೋಳೆ, ಗಂಡ ಹೆಂಡತಿ ಇಬ್ಬರೂ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾಕ್ಟರುಗಳು. 1970ರಲ್ಲಿ ಅಲ್ಲಿಗೆ ಹೋದರು. ದೊಡ್ಡ ಆಸ್ಪತ್ರೆ ಕಟ್ಟಿ ಕೂರಬಹುದಿತ್ತು. ಆದರೆ ಜನಕ್ಕೆ ಬೇಕಿದ್ದದ್ದು ಮಾತ್ರೆಗಿಂತ ಮೊದಲು ನೀರು, ಕಾಳು. ಬರಗಾಲ ಬೇರೆ. ಸರಿ, ಬೋರ್‌ವೆಲ್ ಕೊರೆಸಲು ನಿಂತರು. ಎಲ್ಲಿ? ದಲಿತರ ಕೇರಿಯಲ್ಲಿ. ನೀರು ಬೇಕಾದ ಮೇಲ್ಜಾತಿಯವರು ಬಿಂದಿಗೆ ಹಿಡಿದು ಅಲ್ಲಿಗೇ ಬರಬೇಕು. ಭಾಷಣವಿಲ್ಲ, ಧರಣಿಯಿಲ್ಲ. ಬೋರ್ ಕೊರೆಯುವ ಜಾಗ ಬದಲಾಯಿತು, ಅಷ್ಟೇ. ಇಷ್ಟು ಜಾಣತನದ ಸರ್ಕಾರಿ ಕಾಮಗಾರಿ ನಾನಂತೂ ಕಂಡಿಲ್ಲ.

ಆಮೇಲೆ ಊರಿಗೊಬ್ಬ ಹೆಂಗಸನ್ನು ಆರಿಸಿ ಆರೋಗ್ಯದ ಕೆಲಸ ಕಲಿಸಿದರು. ಅವರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ, ದಲಿತರೂ ಇದ್ದರು. ಹೆರಿಗೆ ಮಾಡಿಸುವುದು, ಮಗುವಿನ ತೂಕ ನೋಡುವುದು, ಭೇದಿಗೆ ಉಪ್ಪು ಸಕ್ಕರೆ ನೀರು ಕುಡಿಸುವುದು ಅವರ ಪಾಲಿಗೆ ಬಂತು. 1979ರಲ್ಲಿ ಆರೋಳೆ ದಂಪತಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಿಕ್ಕಿತು. ನಮ್ಮ ಸರ್ಕಾರ ಆಶಾ ಕಾರ್ಯಕರ್ತೆಯರನ್ನು ನೇಮಿಸಲು ಹೊರಟಿದ್ದು 2005ರಲ್ಲಿ.

ಇದಕ್ಕೆ ಧರ್ಮ ಯಾಕೆ ಬೇಕು ಅಂತ ಕೇಳಬಹುದು. ಬೇಕಾಗಿಲ್ಲ, ನಿಜ. ಆದರೆ ಮಳೆಯಿಲ್ಲದ ಊರಿನಲ್ಲಿ ಮೂವತ್ತು ವರ್ಷ ಬೇರುಬಿಡಲು ಏನೋ ಒಂದು ಬೇಕು. ಮೂರು ವರ್ಷದ ಪ್ರಾಜೆಕ್ಟ್ ಮುಗಿದ ಕೂಡಲೇ ಜೀಪು ಹತ್ತುವವರನ್ನು ನಾವು ನೋಡಿಲ್ವಾ? ನಂಬಿಕೆ ಇರುವವರು ಉಳಿದುಕೊಳ್ಳುತ್ತಾರೆ.

ಮತಾಂತರದ ಭಯಕ್ಕೆ ಕಾನೂನು ಇದೆ. ಧರ್ಮ ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ವಿದೇಶಿ ದೇಣಿಗೆ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಮೂಲಕ ಬರಬೇಕು ಎಂಬುದು 2020ರಿಂದ ನಿಯಮ. ನಮ್ಮಲ್ಲಿ ಮಠಗಳು ಅನ್ನ, ಅಕ್ಷರ ಕೊಟ್ಟರೆ ದಾಸೋಹ ಎಂದು ಕೈ ಮುಗಿಯುತ್ತೇವೆ. ಅದನ್ನೇ ಮಿಷನ್‌ನವರು ಮಾಡಿದರೆ ಆಮಿಷ ಅಂತೀವಿ. ಇದ್ಯಾವ ನ್ಯಾಯ?

ವಿರೋಧ

ಮಿಷನ್‌ನವರ ಮನಸ್ಸು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪಿತೂರಿಯ ಕಥೆಗಳೂ ನನಗೆ ಹಿಡಿಸುವುದಿಲ್ಲ. 1956ರಲ್ಲಿ ಮಧ್ಯಪ್ರದೇಶದ ನಿಯೋಗಿ ಸಮಿತಿ, ಆಸ್ಪತ್ರೆ ಶಾಲೆಗಳನ್ನು ಮತಾಂತರಕ್ಕೆ ಬಳಸುತ್ತಾರೆ ಎಂದು ವರದಿ ಕೊಟ್ಟಿತ್ತು. ಅದರ ಅನುಮಾನ ಅತಿಯಾಯಿತು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಧರ್ಮಸಂಸ್ಥೆಯ ಶಾಲೆಯಲ್ಲಿ ಉಚಿತ ಓದಿಸುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ನೆಗಡಿಗೆ ಮೂಗು ಕೊಯ್ದ ಹಾಗಾಯಿತು. ನನ್ನ ತಕರಾರು ಬೇರೆ.

ಮಗುವಿಗೆ ಜ್ವರ. ಹತ್ತಿರ ಇರುವುದು ಒಂದೇ ದವಾಖಾನೆ. ನರ್ಸ್ ಒಳ್ಳೆಯವಳು, ಔಷಧಿ ಕೊಟ್ಟಳು, ‘ಪ್ರಾರ್ಥನೆ ಮಾಡೋಣವೇ?’ ಎಂದಳು. ತಾಯಿ ಬೇಡ ಅಂತಾಳಾ? ಇದರಲ್ಲಿ ಬಲವಂತವಿಲ್ಲ, ಆಮಿಷವಿಲ್ಲ. ಯಾವ ಕಾನೂನಿನ ಕೈಗೂ ಇದು ಸಿಗುವುದಿಲ್ಲ. ಆದರೂ ಆ ‘ಹೂಂ’ ಅವಳದ್ದೇನಾ ಅಂತ ಕೇಳಿ. ಗಾಂಧೀಜಿ ಮಿಷನರಿಗಳ ಜೊತೆ ಮತ್ತೆ ಮತ್ತೆ ಜಗಳ ತೆಗೆದದ್ದು ಇದಕ್ಕೇ. ಸೇವೆಯನ್ನು ಸೇವೆಯಾಗಿ ಮಾಡಿ, ಅದಕ್ಕೆ ಮತಾಂತರವನ್ನು ಗಂಟು ಹಾಕಬೇಡಿ ಎನ್ನುತ್ತಿದ್ದರು. ಚರ್ಚ್ ಸಂಸ್ಥೆಗಳಿಗೂ ಇದು ಗೊತ್ತು. 1994ರಲ್ಲಿ ರೆಡ್‌ಕ್ರಾಸ್ ಜೊತೆ ಸೇರಿ, ವಿಪತ್ತಿನ ನೆರವನ್ನು ಧರ್ಮ ಪ್ರಚಾರಕ್ಕೆ ಬಳಸುವುದಿಲ್ಲ ಎಂಬ ನೀತಿಸಂಹಿತೆ ಮಾಡಿದವರಲ್ಲಿ ಅವರೂ ಇದ್ದರು. ವಿಪತ್ತಿಗೆ ಅನ್ವಯಿಸುವ ಮಾತು ದಿನನಿತ್ಯದ ಬಡತನಕ್ಕೆ ಯಾಕೆ ಅನ್ವಯಿಸಬಾರದು?

ದಲಿತರ ವಿಷಯದಲ್ಲಿ ಲೆಕ್ಕ ಇನ್ನೂ ಕಠಿಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ, ಆ ಮೀಸಲಾತಿಯೂ ಇಲ್ಲ. ಅದು ಅನ್ಯಾಯವೇ. ಆದರೆ ಆ ಬೆಲೆ ತೆರುವುದು ಪ್ರಾಜೆಕ್ಟ್ ಆಫೀಸರ್ ಅಲ್ಲ, ಕೇರಿಯ ಹುಡುಗ.

ನಮ್ಮ ಮಂಗಳೂರನ್ನೇ ನೋಡಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂತು. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟರು. ಕಸುಬು ಹೋಯಿತು. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೆಂಚು ಜಗತ್ತಿಗೇ ಹೆಸರಾಯಿತು, ಸಂತೋಷ. ಆದರೆ ಕೂಲಿ ಕೊಡುವವರೂ ಪಾಠ ಹೇಳುವವರೂ ಭಾನುವಾರ ಚರ್ಚಿನಲ್ಲಿ ಉಪದೇಶ ಮಾಡುವವರೂ ಒಂದೇ ಮಿಷನ್ನಿನವರು. ಅವರ ಜೊತೆ ಮನಸ್ತಾಪವಾದರೆ ಎಲ್ಲಿಗೆ ಹೋಗುವುದು? ಮೊದಲ ಮಹಾಯುದ್ಧ ಬಂತು. ಜರ್ಮನ್ನರಿದ್ದ ಮಿಷನ್ ಎಂದು ಬ್ರಿಟಿಷರು ಕಾರ್ಖಾನೆಗಳನ್ನು ಕಿತ್ತುಕೊಂಡು ಬೇರೆ ಟ್ರಸ್ಟಿಗೆ ಕೊಟ್ಟರು. ಕೆಲಸಗಾರರನ್ನು ಕೇಳಿದವರು ಯಾರು?

ಇವತ್ತೂ ಅದೇ ಕಥೆ, ಸರ್ಕಾರ ಬೇರೆ. ವಿದೇಶಿ ದೇಣಿಗೆಯ ಪರವಾನಗಿ ರದ್ದಾದರೆ ಹೊಲಿಗೆ ತರಬೇತಿಗೆ ಬೀಗ. ಅದು ಸರ್ಕಾರದ ತಪ್ಪೋ ಸಂಸ್ಥೆಯ ತಪ್ಪೋ, ಊರಿಗಂತೂ ಒಂದೇ. ಪಂಚಾಯಿತಿ ಮೆಂಬರ್ ಕೆಲಸ ಮಾಡದಿದ್ದರೆ ಗ್ರಾಮಸಭೆಯಲ್ಲಿ ಬೈಯಬಹುದು, ಮುಂದಿನ ಸಲ ಸೋಲಿಸಬಹುದು. ಮಿಷನ್ನಿನ ವರದಿ ಮಾತ್ರ ಇಂಗ್ಲಿಷಿನಲ್ಲಿ ದೂರದ ದಾನಿಗೆ ಹೋಗುತ್ತದೆ, ಜೊತೆಗೆ ನಗುವ ಮಗುವಿನ ಫೋಟೋ. (ಒಂದು ಮಗುವಿಗೆ ಒಬ್ಬ ದಾನಿ ಎಂಬ ಪದ್ಧತಿಯಲ್ಲಿ ಪಕ್ಕದಲ್ಲಿ ನಿಂತ ತಮ್ಮನಿಗೆ ಏನು ಹೇಳುತ್ತಾರೋ!)

ಮಠಗಳ ಮಾತು ಬಂತಲ್ಲ. ಈ ಪ್ರಶ್ನೆಗಳನ್ನು ಅಲ್ಲೂ ಕೇಳಿ, ನನ್ನದೇನೂ ಅಡ್ಡಿಯಿಲ್ಲ.

ಜಾಮ್‌ಖೇಡ್ ನನಗೂ ಇಷ್ಟ. ಅಲ್ಲಿ ಕೆಲಸ ಉಳಿದದ್ದು ಕಲಿತ ಹೆಂಗಸು ಆ ಊರಿನವಳೇ ಆಗಿದ್ದರಿಂದ. ಡಾಕ್ಟರ್ ಹೋದರೂ ಅವಳ ಕೈಯ ಕಸುಬು ಊರಲ್ಲೇ ಇತ್ತು. ಹ್ಯಾಂಡ್‌ಪಂಪಿನ ವಿಷಯದಲ್ಲೂ ನನ್ನದು ಅದೇ ಪ್ರಶ್ನೆ. ಅದನ್ನು ಬಿಚ್ಚುವ ಸ್ಪ್ಯಾನರ್ ಯಾರ ಮನೆಯಲ್ಲಿದೆ? ಮಿಷನ್ ಕಾಂಪೌಂಡಿನ ಬೀರುವಿನಲ್ಲೋ, ಕೇರಿಯಲ್ಲೋ?