ಸುಮ್ನೆ ಮಾಡಿದ್ದು ಲೆಕ್ಕಕ್ಕಿಲ್ಲ

ಕಳೆದ ತಿಂಗಳು ನಾನೊಂದು ಕಾಗೆ ಬರೆದೆ. ಪೆನ್ಸಿಲ್ ಹಿಡಿದು ಚಿತ್ರ ಬರೆದದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಮುಗಿದಾಗ ಅದು ಕಾಗೆಗಿಂತ ಜಾಸ್ತಿ ಒದ್ದೆ ಕೊಡೆಯ ಥರ ಕಾಣುತ್ತಿತ್ತು. ಕೊಕ್ಕು ಇರಬೇಕಾದ ಕಡೆ ಹಿಡಿ ಬಂದಿತ್ತು. ಆದರೆ ಮುಕ್ಕಾಲು ಗಂಟೆ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ.

ಅದನ್ನು ಗೆಳೆಯನಿಗೆ ತೋರಿಸಿದ್ದೇ ತಪ್ಪಾಯಿತು. ಅವನು ಕಾಗೆಯ ಕಡೆ ಸರಿಯಾಗಿ ನೋಡಲೂ ಇಲ್ಲ.

“ಒಳ್ಳೇದು. ಗುರಿ ಏನು?” ಅಂದ.

“ಗುರಿ ಗಿರಿ ಏನಿಲ್ಲ ಕಣೋ. ಸುಮ್ನೆ ಬರೆದೆ.”

“ಸುಮ್ನೆ ಅಂದ್ರೆ?”

ನನ್ನ ರಕ್ತಪರೀಕ್ಷೆಯಲ್ಲಿ ಏನೋ ಏರುಪೇರು ಕಂಡವನ ಹಾಗಿತ್ತು ಅವನ ಮುಖ.

ಅವನ ತಪ್ಪಿಲ್ಲ ಬಿಡಿ. ಈಗ ಯಾರೂ ಏನನ್ನೂ ಸುಮ್ನೆ ಮಾಡುವ ಹಾಗಿಲ್ಲ. ಓಡಿದರೆ ಮ್ಯಾರಥಾನ್‌ಗೆ ತಯಾರಿ. ಓದಿದರೆ ವರ್ಷಕ್ಕೆ 52 ಪುಸ್ತಕ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೂ ಎಷ್ಟು ದಿನ ಸತತ ಕೂತಿರಿ ಅಂತ ಫೋನು ಎಣಿಸುತ್ತದೆ. ಒಂದು ದಿನ ತಪ್ಪಿತೋ, ಮನಶ್ಶಾಂತಿ ಮತ್ತೆ ಸೊನ್ನೆಯಿಂದ ಶುರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಇವತ್ತಾಗಿದ್ದರೆ ಅವನಿಗೆ ಒಗೆಯಲಾದರೂ ಎಲ್ಲಿ ಬಿಡುತ್ತಿದ್ದರು? ದಿನಕ್ಕೆಷ್ಟು ಗೋಣಿ, ಹೋದ ವಾರಕ್ಕಿಂತ ಎಷ್ಟು ಜಾಸ್ತಿ, ಸ್ಟೇಟಸ್ ಹಾಕಿದೆಯಾ ಅಂತ ಕೇಳಿ ಕೇಳಿಯೇ ಸಾಯಿಸುತ್ತಿದ್ದರು.

ನನ್ನ ಕಾಗೆಗೂ ಗೆಳೆಯ ಒಂದು ‘ಸ್ಮಾರ್ಟ್’ ಗುರಿ ಬರೆದುಕೊಟ್ಟ: ಮೂರು ತಿಂಗಳೊಳಗೆ, ನೋಡಿದವರಿಗೆ ಗುರುತು ಸಿಗುವಂಥ 30 ಕಾಗೆ. ಈ ಸ್ಮಾರ್ಟ್ ಸೂತ್ರ ಹುಟ್ಟಿದ್ದು 1981ರಲ್ಲಿ. ಜಾರ್ಜ್ ಡೋರನ್ ಎಂಬ ಸಲಹೆಗಾರ ಕಂಪನಿ ಮ್ಯಾನೇಜರ್‌ಗಳಿಗೆ ಅಂತ ಬರೆದ ಸಣ್ಣ ಲೇಖನ ಅದು. ಗುರಿ ಸ್ಪಷ್ಟವಾಗಿರಲಿ, ಅಳೆಯುವಂತಿರಲಿ, ಯಾರ ಜವಾಬ್ದಾರಿ ಅಂತ ಗೊತ್ತಿರಲಿ, ಕೈಗೆಟುಕುವಂತಿರಲಿ, ಗಡುವಿರಲಿ ಅಂದ. ಈ ಐದರ ಇಂಗ್ಲಿಷ್ ಮೊದಲಕ್ಷರ ಸೇರಿದರೆ ‘ಸ್ಮಾರ್ಟ್’. ಎಲ್ಲ ಗುರಿಗೂ ಈ ಐದೂ ಇರಲೇಬೇಕು ಅಂತಿಲ್ಲ ಎಂದು ಅದೇ ಲೇಖನದಲ್ಲಿ ಅವನೇ ಹೇಳಿದ್ದ. ಆ ಸಾಲನ್ನು ಮಾತ್ರ ಯಾರೂ ಗೋಡೆಗೆ ಅಂಟಿಸಲಿಲ್ಲ.

“21 ದಿನ ಬಿಡದೆ ಬರಿ, ಅಭ್ಯಾಸ ಆಗಿಬಿಡುತ್ತೆ” ಅಂತ ಇನ್ನೊಂದು ಉಪದೇಶವೂ ಬಂತು. ಇದಂತೂ ಶುದ್ಧ ಕಾಗಕ್ಕ ಗುಬ್ಬಕ್ಕನ ಕಥೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ವಿಷಯ ಬರೆದ. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿನ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂತ. ಹೊಸ ಮೂಗಿಗೆ ಹೊಂದಿಕೊಳ್ಳುವ ಲೆಕ್ಕ ಬೆಳಗ್ಗೆ ಐದಕ್ಕೆ ಏಳುವ ಲೆಕ್ಕವಾಯಿತು. ‘ಕಡಿಮೆ ಅಂದರೂ’ ಅನ್ನುವುದು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಆಮೇಲೆ ಲಂಡನ್ನಿನ ಸಂಶೋಧಕರು 96 ಜನರನ್ನು ಹಿಡಿದು ನೋಡಿದರೆ, ಅಭ್ಯಾಸ ಕೂರಲು ಸುಮಾರು 66 ದಿನ ಬೇಕು ಅಂತ ಬಂತು. ಕೆಲವರ ಲೆಕ್ಕ 254ರವರೆಗೂ ಎಳೆಯಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಅಂತಲೂ ಅವರು ಹೇಳಿದರು. ಅದನ್ನು ನಮ್ಮ ಫೋನುಗಳಿಗೆ ಯಾರು ಹೇಳಬೇಕು?

ಬೇರೆಯವರನ್ನು ಆಡಿಕೊಳ್ಳುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ದಿನಕ್ಕೆ 10,000 ಹೆಜ್ಜೆ ಅನ್ನುವ ರೋಗ ನನಗೂ ಇತ್ತು. ಇದು ಯಾವ ಡಾಕ್ಟರೂ ಕೂತು ಅಳೆದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮೀಟರು’. ಒಂದು ಪುಟ್ಟ ಡಬ್ಬಿಗೆ ಇಟ್ಟ ಹೆಸರು ಜಗತ್ತಿನ ಕಾಲುಗಳಿಗೆಲ್ಲ ಕಾಯ್ದೆಯಾಯಿತು.

ರಾತ್ರಿ 11:48. ಫೋನು 9,640 ತೋರಿಸುತ್ತಿದೆ. ಲೈಟ್ ಹಾಕಿದರೆ ಮನೆಯವರು ಏಳುತ್ತಾರೆ. ಕತ್ತಲಲ್ಲೇ ಮಂಚದಿಂದ ಬೀರುವಿಗೆ, ಬೀರುವಿನಿಂದ ಮಂಚಕ್ಕೆ ನಡೆಯುತ್ತಿದ್ದೇನೆ. ಎಂಟನೇ ಸುತ್ತಿಗೆ ಮಂಚದ ಕಾಲಿಗೆ ಕಿರುಬೆರಳು ಬಡಿಯಿತು.

“ರೀ, ಏನ್ರೀ ಅದು?”

“ಆರೋಗ್ಯ,” ಅಂದೆ, ಕಾಲು ಹಿಡಿದುಕೊಂಡು.

ಪಕ್ಕದ ಕೋಣೆಯಿಂದ ಮಗಳು ನಿದ್ದೆಗಣ್ಣಲ್ಲಿ ಬಂದು ನಿಂತಳು. ಎರಡು ನಿಮಿಷ ನೋಡಿದಳು. “ಅಪ್ಪಾ, ಕೂತ್ಕೊಂಡು ಫೋನ್ ಅಲ್ಲಾಡ್ಸು. ಅದಕ್ಕೇನೂ ಗೊತ್ತಾಗಲ್ಲ” ಅಂದಳು.

ಅಲ್ಲಾಡಿಸಿದೆ. ಮಂಚದ ತುದಿಯಲ್ಲಿ ಕೂತು, ಕಿರುಬೆರಳು ಊದಿಸಿಕೊಂಡು, ಮುನ್ನೂರು ಚಿಲ್ಲರೆ ಹೆಜ್ಜೆ ಕೈಯಲ್ಲೇ ನಡೆದೆ. ಹನ್ನೆರಡಕ್ಕೆ ಒಂದು ನಿಮಿಷ ಇದ್ದಾಗ ಪರದೆ ತುಂಬ ಬಣ್ಣದ ಕಾಗದದ ಚೂರು ಉದುರಿತು. ನೀವು ಅದ್ಭುತ ಅಂತ ಬಂತು. ಅದನ್ನು ಗ್ರೂಪಿಗೂ ಕಳಿಸಿದೆ. ಹನ್ನೊಂದು ಹೆಬ್ಬೆರಳು ಸಿಕ್ಕಿದವು. ಕಿರುಬೆರಳಿನ ಬಗ್ಗೆ ಯಾರೂ ಕೇಳಲಿಲ್ಲ.

ಹಾಗಾಗಿ ಈ ಸಲ ಕಾಗೆಯ ವಿಷಯ ಯಾರಿಗೂ ಹೇಳುತ್ತಿಲ್ಲ. ಚಿತ್ರದ ಪುಸ್ತಕ ಬೀರುವಿನಲ್ಲಿದೆ, ಹಳೇ ಬಿಲ್ಲುಗಳ ಕೆಳಗೆ. ಮನಸ್ಸು ಬಂದ ದಿನ ತೆಗೆಯುತ್ತೇನೆ, ಬಾರದ ದಿನ ಇಲ್ಲ. ಗೆಳೆಯ ಮಾತ್ರ ವಾರಕ್ಕೊಮ್ಮೆ ಫೋನ್ ಮಾಡಿ ಎಷ್ಟಾಯ್ತು ಅಂತ ಕೇಳುತ್ತಾನೆ. ಮೊನ್ನೆ “ಹದಿನಾಲ್ಕು” ಅಂದೆ. ಅವನಿಗೆ ಸಮಾಧಾನವಾಯಿತು.

ನಿಜಕ್ಕೂ ಆಗಿರುವುದು ಎರಡು. ಎರಡನೆಯದನ್ನು ನಿನ್ನೆ ಮಗಳು ಹುಡುಕಿ ತೆಗೆದಳು. ತಿರುಗಿಸಿ ಮುರುಗಿಸಿ ನೋಡಿ, “ಅಪ್ಪಾ, ಇದು ಕೊಡೆನಾ?” ಅಂದಳು.

“ಹೂಂ,” ಅಂದೆ.

“ತುಂಬಾ ಚೆನ್ನಾಗಿ ಬಂದಿದೆ.”